ಮಣ್ಣಿಗೆ ಸೇರಿದ ದಾಖಲೆ: ಮಾಸಿನ ವಿಜ್ಞಾನವೂ ನಮ್ಮ ನೆಲದ ಚರಿತ್ರೆಯೂ

ನಮ್ಮ ಶಾಲೆ ಆರಂಭವಾದ ಕಾಲದಲ್ಲಿ ಕಾಸರಗೋಡು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಆಗ ಇಲ್ಲಿನ ಹೆರಿಗೆಗಳು ಬಹುಮಟ್ಟಿಗೆ ಮನೆಯಲ್ಲಿಯೇ ಆಗುತ್ತಿದ್ದುವು. ಮಗು ಹುಟ್ಟಿದ ಸ್ವಲ್ಪ ಹೊತ್ತಿಗೆ ಹೊರಬೀಳುವ ಮಾಸನ್ನು ಹಿತ್ತಿಲಲ್ಲಿ ಹೊಂಡ ತೋಡಿ, ನಾಯಿ ನರಿಗಳು ಕೆದಕದಂತೆ ಮೇಲೆ ಕಲ್ಲು ಹೇರಿ ಹುಗಿಯುತ್ತಿದ್ದರು. ಹಸು ಕರು ಹಾಕಿದಾಗ ಮಾಸು ಬೀಳುವವರೆಗೆ ಮನೆಯವರು ಕೊಟ್ಟಿಗೆಯಲ್ಲಿ ಕಾದು ಕುಳಿತಿರುತ್ತಿದ್ದರು. ಬಿದ್ದುದನ್ನು ಬೈಹುಲ್ಲಿನಲ್ಲಿ ಸುತ್ತಿ ಹಾಲು ಸುರಿಯುವ ಮರಕ್ಕೆ ಕಟ್ಟುವ ಪದ್ಧತಿಯೂ ಹಲವು ಮನೆಗಳಲ್ಲಿತ್ತು. ಒಂಬತ್ತು ತಿಂಗಳು ಒಂದು ಜೀವವನ್ನು ಸಾಕಿದ ಅಂಗಕ್ಕೆ ಜನರು ತೋರಿಸಿದ ಮರ್ಯಾದೆ ಅಷ್ಟು.

ಶತಮಾನೋತ್ಸವದ ಸಂಚಿಕೆಗೆ ಇದೆಂಥ ವಿಷಯ ಎಂದು ಓದುಗರು ಹುಬ್ಬೇರಿಸಬಹುದು. ನಾನು ಈ ಶಾಲೆಯಲ್ಲಿ ಬಹಳ ವರ್ಷ ಜೀವಶಾಸ್ತ್ರ ಪಾಠ ಮಾಡಿದವನು. ಪಠ್ಯಪುಸ್ತಕದಲ್ಲಿ ಮಾಸಿಗೆ ಜರಾಯು ಎಂಬ ಹೆಸರು. ಕರಿಹಲಗೆಯ ಮೇಲೆ ಗರ್ಭಕೋಶದ ಚಿತ್ರ ಬರೆದು, ತಾಯಿಗೂ ಮಗುವಿಗೂ ನಡುವೆ ಒಂದು ದಪ್ಪ ಗೆರೆ ಎಳೆದು, ‘ಇದು ಗೋಡೆ, ಆಹಾರ ಮತ್ತು ಆಮ್ಲಜನಕ ಒಳಗೆ ಹೋಗುತ್ತವೆ, ವಿಷ ಮತ್ತು ರೋಗ ಹೊರಗೆ ನಿಲ್ಲುತ್ತವೆ’ ಎಂದು ಹೇಳುತ್ತಿದ್ದೆ. ನಾನು ಹಾಗೆ ಹೇಳುತ್ತಿದ್ದ ವರ್ಷಗಳಲ್ಲಿಯೇ, ಶಾಲೆಯಿಂದ ಬಹಳ ದೂರವಲ್ಲದ ಗೇರುತೋಟಗಳ ಮೇಲೆ ಹೆಲಿಕಾಪ್ಟರು ಹಾರುತ್ತಿತ್ತು. ಗೆರೆಯನ್ನು ಅಷ್ಟು ದಪ್ಪವಾಗಿ ಎಳೆದದ್ದು ನನ್ನ ತಪ್ಪು. ಆ ತಪ್ಪು ಎಲ್ಲಿಂದ ಬಂತು, ಅದು ತಪ್ಪೆಂದು ಜಗತ್ತಿಗೆ ಯಾವಾಗ ತಿಳಿಯಿತು, ನಮ್ಮ ಊರಿಗೆ ಅದರಿಂದ ಏನಾಯಿತು ಎಂಬುದನ್ನು ಬರೆದಿಡುವುದು ನನ್ನ ಉದ್ದೇಶ.

ಮಾಸಿಗೆ ಯುರೋಪಿನ ವೈದ್ಯರು ಇಂದಿನ ಹೆಸರನ್ನು ಕೊಟ್ಟದ್ದು 1559ರಲ್ಲಿ. ಇಟಲಿಯ ಶರೀರಶಾಸ್ತ್ರಜ್ಞ ರಿಯಾಲ್ಡೊ ಕೊಲಂಬೊ ಅದರ ಚಪ್ಪಟೆ ಆಕಾರವನ್ನು ಕಂಡು ಲ್ಯಾಟಿನ್ ಭಾಷೆಯಲ್ಲಿ ರೊಟ್ಟಿಗೆ ಹೇಳುವ ಪದವನ್ನು ಇದಕ್ಕೂ ಬಳಸಿದನು. ಪ್ಲಾಸೆಂಟಾ ಎಂದರೆ ಅಷ್ಟೇ. ಅದಕ್ಕಿಂತ ಸುಮಾರು ಐವತ್ತು ವರ್ಷ ಮುಂಚೆ ಲಿಯೊನಾರ್ಡೊ ಡ ವಿಂಚಿ ಗರ್ಭದಲ್ಲಿ ಮುದುಡಿ ಕುಳಿತ ಶಿಶುವಿನ ಅದ್ಭುತವಾದ ಚಿತ್ರ ಬರೆದಿದ್ದನು. ಶಿಶು ಮನುಷ್ಯನದು, ಆದರೆ ಮಾಸನ್ನು ಮಾತ್ರ ಹಸುವಿನದರಂತೆ ಗುಂಡಿ ಗುಂಡಿಯಾಗಿ ಬಿಡಿಸಿದ್ದಾನೆ. ಕೊಟ್ಟಿಗೆಯಲ್ಲಿ ರಾತ್ರಿ ಕಾದು ಕುಳಿತ ನಮ್ಮ ಯಾವ ಅಜ್ಜಿಯಾದರೂ ಆ ತಪ್ಪನ್ನು ಒಂದೇ ನೋಟಕ್ಕೆ ಹಿಡಿಯುತ್ತಿದ್ದಳು.

ತಾಯಿಯ ರಕ್ತವೇ ನೇರವಾಗಿ ಮಗುವಿನ ಮೈಗೆ ಹರಿಯುತ್ತದೆಂದು ಬಹುಕಾಲ ನಂಬಲಾಗಿತ್ತು. 1754ರಲ್ಲಿ ಲಂಡನ್ನಿನಲ್ಲಿ ಜಾನ್ ಹಂಟರ್ ಎಂಬ ಶಸ್ತ್ರವೈದ್ಯನು ತೀರಿಹೋದ ಗರ್ಭಿಣಿಯೊಬ್ಬಳ ರಕ್ತನಾಳಗಳಿಗೆ ಬಣ್ಣದ ಮೇಣ ತುಂಬಿಸಿ ಪರೀಕ್ಷಿಸಿದಾಗ, ಮೇಣವು ಮಾಸಿನವರೆಗೆ ಹೋಗಿ ಅಲ್ಲಿಯೇ ನಿಂತಿತು. ಅವನ ಅಣ್ಣ ವಿಲಿಯಂ ಹಂಟರ್ 1774ರಲ್ಲಿ ಪ್ರಕಟಿಸಿದ ಗರ್ಭಕೋಶದ ಬೃಹತ್ ಚಿತ್ರಸಂಪುಟದಿಂದ ಈ ಸಂಗತಿ ಪ್ರಸಿದ್ಧವಾಯಿತು. ಎರಡು ರಕ್ತಗಳು ಬೆರೆಯುವುದಿಲ್ಲ ಎಂಬುದು ಸತ್ಯವೇ. ಆದರೆ ‘ಬೆರೆಯುವುದಿಲ್ಲ’ ಎಂಬುದು ಮುಂದಿನ ಪುಸ್ತಕಗಳಲ್ಲಿ ಮೆಲ್ಲನೆ ‘ದಾಟುವುದಿಲ್ಲ’ ಎಂದಾಯಿತು. ನನ್ನ ಕರಿಹಲಗೆಯ ದಪ್ಪ ಗೆರೆಯ ಮೂಲ ಅಲ್ಲಿದೆ.

ಆ ಗೋಡೆಯಲ್ಲಿ ಮೊದಲ ಬಿರುಕು ಕಂಡದ್ದು 1941ರಲ್ಲಿ. ಆಸ್ಟ್ರೇಲಿಯಾದ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್ ಒಂದೇ ಕಾಲದಲ್ಲಿ ಹುಟ್ಟಿದ ಹಲವು ಶಿಶುಗಳ ಕಣ್ಣಿನಲ್ಲಿ ಪೊರೆಯನ್ನು ಕಂಡು ವಿಚಾರಿಸಿದರು. ತಾಯಂದಿರಿಗೆ ಬಸಿರಿನ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ಎಂಬ ದಡಾರ ಬಂದುಹೋಗಿತ್ತು. 1961ರಲ್ಲಿ ಗೋಡೆ ಪೂರ್ತಿಯಾಗಿ ಕುಸಿಯಿತು. ಬಸಿರಿಯರ ವಾಕರಿಕೆಗೆಂದು ಹಲವು ದೇಶಗಳಲ್ಲಿ ಕೊಡುತ್ತಿದ್ದ ಥಾಲಿಡೊಮೈಡ್ ಮಾತ್ರೆಯಿಂದ ಕೈಕಾಲು ಮೊಟಕಾದ ಮಕ್ಕಳು ಹುಟ್ಟುತ್ತಿದ್ದಾರೆಂದು ಜರ್ಮನಿಯ ವಿಡುಕಿಂಡ್ ಲೆಂಟ್ಸ್ ಮತ್ತು ಆಸ್ಟ್ರೇಲಿಯಾದ ವಿಲಿಯಂ ಮ್ಯಾಕ್‌ಬ್ರೈಡ್ ಬೇರೆ ಬೇರೆಯಾಗಿ ತಿಳಿಸಿದರು. ತಾಯಿಗೆ ಏನೂ ಆಗದ ಮಾತ್ರೆ ಮಗುವನ್ನು ಕೆಡಿಸಿತ್ತು.

ಮೂರನೆಯ ಉದಾಹರಣೆ ನಮಗೆ ಎಲ್ಲಕ್ಕಿಂತ ಹತ್ತಿರದ್ದು. ಜಪಾನಿನ ಮಿನಮಾಟ ಎಂಬ ಕಡಲತೀರದ ಊರಿನಲ್ಲಿ ಒಂದು ರಾಸಾಯನಿಕ ಕಾರ್ಖಾನೆ ಪಾದರಸ ಬೆರೆತ ನೀರನ್ನು ಕೊಲ್ಲಿಗೆ ಬಿಡುತ್ತಿತ್ತು. ಅಲ್ಲಿನ ಮೀನು ತಿಂದವರ ನರಮಂಡಲ ಕೆಟ್ಟದ್ದು 1956ರಲ್ಲಿ ಬೆಳಕಿಗೆ ಬಂತು. ಬದುಕಿನಲ್ಲಿ ಒಂದು ತುಣುಕು ಮೀನನ್ನೂ ತಿನ್ನದ ಎಳೆಯ ಶಿಶುಗಳಲ್ಲಿಯೂ ಅದೇ ರೋಗ ಕಂಡಾಗ ವೈದ್ಯರು ಮೊದಲು ಒಪ್ಪಲಿಲ್ಲ. ಮಾಸು ವಿಷವನ್ನು ತಡೆಯುತ್ತದೆಂದು ಅವರೂ ಓದಿದ್ದರು. ವರ್ಷಗಳ ಬಳಿಕ ಅದನ್ನು ಸಾಧಿಸಲು ನೆರವಾದದ್ದು ಒಂದು ಮನೆಮನೆಯ ಪದ್ಧತಿ. ಜಪಾನಿನ ಕುಟುಂಬಗಳು ಮಗುವಿನ ಹೊಕ್ಕುಳಬಳ್ಳಿಯ ತುಂಡನ್ನು ಒಣಗಿಸಿ, ಪುಟ್ಟ ಪೆಟ್ಟಿಗೆಯಲ್ಲಿಟ್ಟು ಕಾಪಾಡುತ್ತವೆ. ವೈದ್ಯ ಹರಾಡ ಮಸಝುಮಿ ಮತ್ತು ಸಂಗಡಿಗರು ಆ ಪೆಟ್ಟಿಗೆಗಳನ್ನು ಬೇಡಿ ತಂದು ಬಳ್ಳಿಗಳಲ್ಲಿನ ಪಾದರಸವನ್ನು ಅಳೆದರು. 1975ರಲ್ಲಿ ಪ್ರಕಟವಾದ ಆ ಲೆಕ್ಕದಲ್ಲಿ, ಯಾವ ವರ್ಷ ಕಾರ್ಖಾನೆಯ ಉತ್ಪಾದನೆ ಏರಿತ್ತೋ ಆ ಕಾಲದಲ್ಲಿ ಹುಟ್ಟಿದವರ ಬಳ್ಳಿಯಲ್ಲಿ ಪಾದರಸವೂ ಏರಿತ್ತು. ತಾಯಂದಿರು ವಾತ್ಸಲ್ಯಕ್ಕಾಗಿ ಇಟ್ಟುಕೊಂಡದ್ದು ಸಾಕ್ಷಿಯಾಗಿ ನಿಂತಿತು.

ಹಾಗಾದರೆ ಮಾಸು ಗೋಡೆಯಲ್ಲದಿದ್ದರೆ ಮತ್ತೇನು? ಇಲ್ಲಿ ಸ್ವಲ್ಪ ವಿಜ್ಞಾನವನ್ನು ಓದುಗರು ಸಹಿಸಿಕೊಳ್ಳಬೇಕು.

ಮೊದಲನೆಯದಾಗಿ, ಮಾಸು ತಾಯಿಯದಲ್ಲ, ಮಗುವಿನದು. ಫಲಿತವಾದ ಅಂಡವು ಕೆಲವೇ ದಿನಗಳಲ್ಲಿ ಎರಡು ಬಗೆಯ ಜೀವಕೋಶಗಳಾಗಿ ಒಡೆಯುತ್ತದೆ. ಒಳಗಿನವು ಶಿಶುವಾಗುತ್ತವೆ, ಹೊರಸುತ್ತಿನವು ಮಾಸಾಗುತ್ತವೆ. ಎರಡಕ್ಕೂ ಜೀನುಗಳು ಒಂದೇ. ಒಂದೇ ಜೀನುಗಳಿಂದ ಇಷ್ಟು ಭಿನ್ನವಾದ ಎರಡು ವಸ್ತುಗಳು ಹೇಗಾಗುತ್ತವೆ? ಯಕ್ಷಗಾನದ ನಾಡಿನವರಿಗೆ ಇದನ್ನು ಹೇಳುವುದು ಸುಲಭ. ಪ್ರಸಂಗದ ಪುಸ್ತಕ ಇಡೀ ಮೇಳಕ್ಕೆ ಒಂದೇ. ಆದರೆ ಯಾವ ವೇಷ ಯಾವ ಹೊತ್ತಿಗೆ ರಂಗಕ್ಕೆ ಬರಬೇಕು, ಯಾವುದು ಚೌಕಿಯಲ್ಲಿಯೇ ಕುಳಿತಿರಬೇಕು ಎಂಬುದು ಬೇರೆಯ ಲೆಕ್ಕ. ಜೀನೊಂದು ರಂಗಕ್ಕೆ ಬಂದು ತನ್ನ ಪ್ರೋಟೀನನ್ನು ತಯಾರಿಸುವುದನ್ನು ವಿಜ್ಞಾನಿಗಳು ಜೀನಿನ ಅಭಿವ್ಯಕ್ತಿ ಎನ್ನುತ್ತಾರೆ. ಮಾಸಿನ ಜೀವನವೆಂದರೆ ಇಂಥ ಪ್ರವೇಶ ನಿರ್ಗಮನಗಳ ಒಂಬತ್ತು ತಿಂಗಳ ಆಟ.

ಮೊದಲ ವಾರಗಳಲ್ಲಿ ಹೊರಸುತ್ತಿನ ಕೋಶಗಳು ತಯಾರಿಸುವ ಒಂದು ಹಾರ್ಮೋನು ತಾಯಿಯ ದೇಹಕ್ಕೆ ಬಸಿರಿನ ಸುದ್ದಿ ಮುಟ್ಟಿಸುತ್ತದೆ. 1920ರ ದಶಕದ ಕೊನೆಯಲ್ಲಿ ಬರ್ಲಿನ್ನಿನ ಆಶ್‌ಹೈಮ್ ಮತ್ತು ಝೊಂಡೆಕ್ ಇದನ್ನೇ ಆಧರಿಸಿ, ಮೂತ್ರವನ್ನು ಇಲಿಮರಿಗೆ ಚುಚ್ಚಿ ಬಸಿರನ್ನು ಗುರುತಿಸುವ ಪರೀಕ್ಷೆಯನ್ನು ರೂಪಿಸಿದರು. ಇಂದು ಔಷಧದಂಗಡಿಯಲ್ಲಿ ಸಿಗುವ ಪಟ್ಟಿಯೂ ಹುಡುಕುವುದು ಆ ಪ್ರೋಟೀನನ್ನೇ. ಅದರ ಪ್ರಮಾಣ ಎಂಟರಿಂದ ಹತ್ತನೆಯ ವಾರದ ಹೊತ್ತಿಗೆ ಶಿಖರಕ್ಕೇರಿ ಬಳಿಕ ಇಳಿಯುತ್ತದೆ. ಬೇರೊಂದು ಹಾರ್ಮೋನು, ತಾಯಿಯ ಸಕ್ಕರೆಯನ್ನು ಮಗುವಿನ ಕಡೆಗೆ ಉಳಿಸಿಕೊಡುವಂಥದು, ಮಾಸು ದೊಡ್ಡದಾದಂತೆ ಏರುತ್ತಲೇ ಹೋಗುತ್ತದೆ. 1984ರಲ್ಲಿ ಕೇಂಬ್ರಿಜಿನ ಅಝೀಂ ಸುರಾನಿ ಮತ್ತು ಸಂಗಡಿಗರು ಇಲಿಗಳಲ್ಲಿ ತೋರಿಸಿದ ಸಂಗತಿ ಇನ್ನೂ ಸೋಜಿಗದ್ದು: ತಾಯಿಯ ಜೀನುಗಳು ಮಾತ್ರ ಇರುವ ಭ್ರೂಣದಲ್ಲಿ ಮಾಸು ಸರಿಯಾಗಿ ಬೆಳೆಯುವುದಿಲ್ಲ. ಮಾಸನ್ನು ಕಟ್ಟುವ ಕೆಲಸದಲ್ಲಿ ತಂದೆಯಿಂದ ಬಂದ ಪ್ರತಿಗಳ ಪಾಲು ದೊಡ್ಡದು. 2000ದಲ್ಲಿ ತಿಳಿದದ್ದು ಮತ್ತೊಂದು: ಮಾಸಿನ ಹೊರಪದರದ ಕೋಶಗಳನ್ನು ಬೆಸೆದು ಒಂದೇ ಹಾಳೆಯಂತೆ ಮಾಡುವ ಸಿನ್ಸಿಟಿನ್ ಎಂಬ ಪ್ರೋಟೀನು, ಕೋಟ್ಯಂತರ ವರ್ಷಗಳ ಹಿಂದೆ ನಮ್ಮ ಪೂರ್ವಜರ ಮೈಹೊಕ್ಕ ವೈರಾಣುವೊಂದರ ಜೀನಿನಿಂದ ಬಂದದ್ದು. ಶತ್ರುವಿನ ಆಯುಧವನ್ನೇ ತೊಟ್ಟಿಲಿಗೆ ಕಟ್ಟಿಕೊಂಡಂತೆ.

ಈ ಕಥೆಯಲ್ಲಿ ನಮ್ಮ ಕರಾವಳಿಯವರೊಬ್ಬರ ಪಾತ್ರವಿದೆ. ಅವರ ಹೆಸರು ನಮ್ಮ ಮಕ್ಕಳಿಗೆ ತಿಳಿಯದಿರುವುದು ನನಗೆ ಬೇಸರದ ವಿಷಯ. ಉಡುಪಿಯ ಕಡೆಯ ಪೆರ್ಡೂರು ಮನೆತನದ ಪಿ. ರಾಧಾಕಾಂತ ಅಡಿಗರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೀವರಸಾಯನ ವಿಜ್ಞಾನಿಯಾಗಿದ್ದರು. 1980ರಲ್ಲಿ ಭಟ್ನಾಗರ್ ಪ್ರಶಸ್ತಿ ಪಡೆದವರು. ಕೋಳಿಮೊಟ್ಟೆಯೊಳಗೆ ರೈಬೊಫ್ಲೇವಿನ್ ಎಂಬ ಜೀವಸತ್ವವನ್ನು ಹೊತ್ತು ತರುವ ಒಂದು ಪ್ರೋಟೀನು ಉಂಟು. ಅದಿಲ್ಲದ ಹೇಂಟೆ ಮೊಟ್ಟೆಯಿಟ್ಟರೂ ಒಳಗಿನ ಮರಿ ಅರ್ಧದಲ್ಲಿ ಸಾಯುತ್ತದೆ. ಮೊಟ್ಟೆಯಿಡದ ಪ್ರಾಣಿಗಳಲ್ಲಿಯೂ ಬಸಿರಿನ ಕಾಲದಲ್ಲಿ ಇಂಥ ಹೊರೆಯಾಳು ಇರಬೇಕೆಂದು ಅಡಿಗರು ತರ್ಕಿಸಿದರು. ಬಸುರಿ ಇಲಿಗಳ ರಕ್ತದಲ್ಲಿ ಅದನ್ನು ಹಿಡಿದೂ ತೋರಿಸಿದರು. ಆ ಪ್ರೋಟೀನನ್ನು ಪ್ರತಿಕಾಯಗಳಿಂದ ಕಟ್ಟಿಹಾಕಿದರೆ ಇಲಿಯ ಗರ್ಭ ನಿಲ್ಲುತ್ತಿರಲಿಲ್ಲ. ಮಾಸಿನ ಆಚೆಗೆ ಹೋಗುವ ವಸ್ತುಗಳು ಸುಮ್ಮನೆ ಸೋರಿಹೋಗುವುದಿಲ್ಲ, ಪ್ರೋಟೀನುಗಳು ಅವನ್ನು ಹೊತ್ತು ಸಾಗಿಸುತ್ತವೆ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ. ಇದೇ ಅಡಿಗರು ತಮ್ಮ ಯೌವನದಲ್ಲಿ, 1964ರಲ್ಲಿ, ಕೇಸರಿ ಬೇಳೆ ತಿಂದವರ ಕಾಲುಗಳನ್ನು ಸೋಲಿಸುವ ವಿಷವನ್ನು ಬೇರ್ಪಡಿಸಿದ ತಂಡದಲ್ಲಿಯೂ ಇದ್ದರು. ಅದೇ ಸಂಸ್ಥೆಯಲ್ಲಿ ಎ. ಜಗನ್ನಾಥ ರಾವ್ ಮತ್ತು ಅವರ ವಿದ್ಯಾರ್ಥಿಗಳು ಮನುಷ್ಯರ ಮಾಸನ್ನೇ ಅಧ್ಯಯನ ಮಾಡಿದರು. ಮೊದಲ ಮೂರು ತಿಂಗಳ ಮಾಸು, ದಿನ ತುಂಬಿದ ಮಾಸು ಎರಡನ್ನೂ ಎದುರುಬದುರು ಇಟ್ಟು, ಯಾವ ಜೀನು ಮೊದಲು ಕೆಲಸ ಮಾಡಿ ಆಮೇಲೆ ಮೌನವಾಯಿತೆಂದು ಹುಡುಕಿದರು. ಕೋಶಗಳಿಗೆ ಮತ್ತೆ ಮತ್ತೆ ವಿಭಜಿಸುವ ಶಕ್ತಿ ಕೊಡುವ ಟೆಲೊಮರೇಸ್ ಎಂಬ ಕಿಣ್ವ ಎಳೆಯ ಮಾಸಿನಲ್ಲಿ ಚುರುಕಾಗಿದ್ದು, ದಿನ ತುಂಬುವ ಹೊತ್ತಿಗೆ ಕುಗ್ಗುವುದನ್ನು ಅವರು ಕಂಡರು.

ಈಗ ದಪ್ಪ ಗೆರೆಯ ವಿಷಯಕ್ಕೆ ಮರಳೋಣ. ಮಾಸಿನ ಹೊರಪದರದಲ್ಲಿ ಪಿ-ಗ್ಲೈಕೊಪ್ರೋಟೀನ್ ಎಂಬ ಪಂಪು ಇದೆ. ಒಳಗೆ ನುಗ್ಗಿದ ಹಲವು ಪರಕೀಯ ರಾಸಾಯನಿಕಗಳನ್ನು ಅದು ಹಿಂದಕ್ಕೆ ತಾಯಿಯ ರಕ್ತಕ್ಕೆ ತಳ್ಳುತ್ತದೆ. 1998ರಲ್ಲಿ ಪ್ರಕಟವಾದ ಒಂದು ಪ್ರಯೋಗ ನೆನಪಿಡುವಂಥದು. ಅವರ್ಮೆಕ್ಟಿನ್ ಜಾತಿಯ ಒಂದು ಕೀಟನಾಶಕವನ್ನು ಬಸುರಿ ಇಲಿಗಳಿಗೆ ಕೊಟ್ಟಾಗ, ಒಂದೇ ಗರ್ಭದಲ್ಲಿದ್ದ ಮರಿಗಳಲ್ಲಿ ಪಂಪಿನ ಜೀನು ಕೆಟ್ಟಿದ್ದವು ಸೀಳಂಗುಳದೊಂದಿಗೆ ಹುಟ್ಟಿದವು. ಜೀನು ಸರಿಯಿದ್ದವು ನೆಟ್ಟಗಿದ್ದವು. ತಾಯಿ ಒಬ್ಬಳೇ, ವಿಷವೂ ಒಂದೇ. ವ್ಯತ್ಯಾಸ ಮಾಡಿದ್ದು ಪ್ರತಿ ಮರಿಯ ಸ್ವಂತ ಮಾಸು. ಮನುಷ್ಯರಲ್ಲಿ ಈ ಪಂಪು ಬಸಿರಿನ ಆರಂಭದಲ್ಲಿ ಹೇರಳವಾಗಿದ್ದು ದಿನ ತುಂಬುತ್ತ ಬಂದಂತೆ ಕಡಿಮೆಯಾಗುತ್ತದೆ. ಎಂದರೆ ಅಲ್ಲಿರುವುದು ಗೋಡೆಯಲ್ಲ, ಕಾವಲುಗಾರ. ಅವನಿಗೆ ಪಾಳಿ ಇದೆ, ದಣಿವೂ ಇದೆ. ಮನೆಮನೆಗೂ ಅವನು ಒಂದೇ ತೆರನಾಗಿರುವುದಿಲ್ಲ.

ಇನ್ನು ನಮ್ಮ ನೆಲದ ಮಾತು. ಕೇರಳ ತೋಟಗಾರಿಕಾ ನಿಗಮದ ಗೇರುತೋಟಗಳಲ್ಲಿ ಟೀ ಸೊಳ್ಳೆ ಎಂಬ ತಿಗಣೆಯನ್ನು ಕೊಲ್ಲಲು ಎಂಡೋಸಲ್ಫಾನನ್ನು ಆಕಾಶದಿಂದ ಸಿಂಪಡಿಸುವುದು 1970ರ ದಶಕದ ಉತ್ತರಾರ್ಧದಲ್ಲಿ ಆರಂಭವಾಗಿ 2000ದ ಡಿಸೆಂಬರಿನವರೆಗೆ ನಡೆಯಿತು. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕ, ಕಾರಡ್ಕ, ಮುಳಿಯಾರು ಮೊದಲಾಗಿ ತೆಂಕಣ ಪೆರಿಯ, ಕಯ್ಯೂರಿನವರೆಗೆ 11 ಪಂಚಾಯತುಗಳು ಪೀಡಿತ ಪ್ರದೇಶವೆನಿಸಿದುವು. ಗುಡ್ಡದ ನೆತ್ತಿಯಲ್ಲಿ ಗೇರು. ಕೆಳಗೆ ಕಣಿವೆಯಲ್ಲಿ ಮನೆ, ಅಡಿಕೆತೋಟ, ಸುರಂಗದ ನೀರು. ನಮ್ಮ ಭೂಮಿಯ ಈ ರಚನೆಯನ್ನು ಬಲ್ಲವರಿಗೆ ಮೇಲೆ ಬಿದ್ದುದು ಎಲ್ಲಿಗೆ ಇಳಿಯುತ್ತದೆಂದು ಹೇಳಬೇಕಾಗಿಲ್ಲ.

ಮೊದಲ ಸೂಚನೆ ಬಂದದ್ದು ಕೊಟ್ಟಿಗೆಯಿಂದಲೇ. 1979ರಲ್ಲಿ ಪಡ್ರೆ ಗ್ರಾಮದಲ್ಲಿ ಕಾಲು ತಿರುಚಿದ ಕರುಗಳು ಹುಟ್ಟಿದುದನ್ನು ಕೃಷಿಕ ಪತ್ರಕರ್ತರಾದ ಶ್ರೀಪಡ್ರೆಯವರು ಗಮನಿಸಿ ಬರೆದರು. ಆಗ ಆ ಬರಹವನ್ನು ಹೆಚ್ಚಿನವರು ಲಕ್ಷಿಸಲಿಲ್ಲ. 1980ರ ದಶಕದಿಂದ ಅದೇ ಊರಿನಲ್ಲಿ ವೈದ್ಯವೃತ್ತಿ ನಡೆಸಿದ ಡಾ. ವೈ. ಎಸ್. ಮೋಹನ ಕುಮಾರರು ತಮ್ಮ ರೋಗಿಗಳಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಹುಟ್ಟಿನಿಂದಲೇ ಬಂದ ಅಂಗವೈಕಲ್ಯಗಳು ಅಸಾಧಾರಣವಾಗಿ ಹೆಚ್ಚಿರುವುದನ್ನು ಕಂಡು 1997ರಲ್ಲಿ ವೈದ್ಯಕೀಯ ಪತ್ರಿಕೆಗೆ ಬರೆದರು. ಪೆರಿಯದಲ್ಲಿ ಕೃಷಿ ಇಲಾಖೆಯ ಉದ್ಯೋಗಿಯಾಗಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ನ್ಯಾಯಾಲಯಕ್ಕೆ ಹೋಗಿ ಆಕಾಶದ ಸಿಂಪಡಣೆಗೆ ತಡೆ ತಂದರು. ಒಬ್ಬ ಪತ್ರಕರ್ತ, ಒಬ್ಬ ಹಳ್ಳಿಯ ವೈದ್ಯ, ಒಬ್ಬ ಕೃಷಿ ಇಲಾಖೆಯ ಉದ್ಯೋಗಿ: ಸಂಶೋಧನಾ ಸಂಸ್ಥೆಗಳು ಅವರ ಹಿಂದೆ ಬಂದುವು, ಮುಂದೆ ಅಲ್ಲ.

2001ರಲ್ಲಿ ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಪಡ್ರೆಯ ಜನರ ರಕ್ತದಲ್ಲಿ ಎಂಡೋಸಲ್ಫಾನ್ ಹೇರಳವಾಗಿದೆ ಎಂದಿತು. ಅದೇ ಕಾಲದ ಮತ್ತೊಂದು ಪರೀಕ್ಷೆ ರಕ್ತದಲ್ಲಿ ಏನೂ ಇಲ್ಲವೆಂದಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಪಡ್ರೆಯ 117 ಶಾಲಾಬಾಲಕರನ್ನೂ ಸಿಂಪಡಣೆ ಆಗದ ಕಡೆಯ 90 ಬಾಲಕರನ್ನೂ ಹೋಲಿಸಿ, ಪಡ್ರೆಯವರ ಪ್ರಾಯದ ಬೆಳವಣಿಗೆ ತಡವಾಗಿದೆಯೆಂದು 2003ರಲ್ಲಿ ಪ್ರಕಟಿಸಿದರು. ಹೋಲಿಕೆಗೆ ಆಯ್ದ ಊರು ನಮ್ಮದೇ ಜಿಲ್ಲೆಯ ಮೀಂಜ. ಶಾಲೆಗಳ ಚರಿತ್ರೆಯನ್ನು ಬರೆಯುವವರು ಈ ಬಾಲಕರನ್ನು ಮರೆಯಬಾರದು. ಪರೀಕ್ಷೆಗೆಂದು ಅವರು ಕೈ ಚಾಚಿ ರಕ್ತ ಕೊಟ್ಟರು. 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಡಂಬಡಿಕೆಯ ರಾಷ್ಟ್ರಗಳು ಈ ವಿಷವನ್ನು ಜಗತ್ತಿನಿಂದ ತೊಲಗಿಸಲು ಒಪ್ಪಿದುವು. ಮೇ 13ರಂದು ಸರ್ವೋಚ್ಚ ನ್ಯಾಯಾಲಯ ಭಾರತದಲ್ಲಿ ಅದನ್ನು ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಅದೇ ನ್ಯಾಯಾಲಯ ಆಜ್ಞಾಪಿಸಿತು.

ಕಾಸರಗೋಡಿನ ಮಕ್ಕಳ ಸಂಕಟಕ್ಕೆ ಎಂಡೋಸಲ್ಫಾನೇ ಕಾರಣವೆಂದು ಸಿದ್ಧವಾಗಿಲ್ಲ ಎನ್ನುವ ವಿಜ್ಞಾನಿಗಳು ಇಂದಿಗೂ ಇದ್ದಾರೆ. ಅವರ ವಾದವನ್ನು ನಾನು ಓದಿದ್ದೇನೆ. ಒಪ್ಪದಿದ್ದರೂ ಅದರ ಬಲ ಎಲ್ಲಿದೆಯೆಂದು ನನಗೆ ಗೊತ್ತು. 1985ರಲ್ಲಿ ಬಸುರಿಯಾಗಿದ್ದವಳ ಮೈಯಲ್ಲಿ ಆಗ ಎಷ್ಟು ವಿಷವಿತ್ತೆಂದು ಯಾರೂ ಅಳೆದಿಲ್ಲ. ಈ ರಾಸಾಯನಿಕ ರಕ್ತದಲ್ಲಿ ಬಹುಕಾಲ ನಿಲ್ಲುವಂಥದಲ್ಲ. 2001ರ ರಕ್ತ 2001ರ ಕಥೆಯನ್ನು ಹೇಳೀತು, ಅದಕ್ಕಿಂತ ಹದಿನಾರು ವರ್ಷ ಹಿಂದಿನ ಬಸಿರಿನ ಕಥೆಯನ್ನಲ್ಲ. ಆ ಕಥೆಯನ್ನು ಹೇಳಬಹುದಾಗಿದ್ದ ವಸ್ತು ಒಂದೇ: ಆ ಮಗುವಿನ ಮಾಸು. ದಕ್ಷಿಣ ಸ್ಪೇನಿನಲ್ಲಿ, ಹಸಿರುಮನೆಗಳಲ್ಲಿ ತರಕಾರಿ ಬೆಳೆಯುವ ಪ್ರದೇಶದ ಹತ್ತಿರ, ಗ್ರನಾಡಾದ ವೈದ್ಯರು ಹೆರಿಗೆಯಾದೊಡನೆ ಮಾಸುಗಳನ್ನು ಶೈತ್ಯದಲ್ಲಿಟ್ಟು ಪರೀಕ್ಷಿಸಿದರು. ಅವುಗಳಲ್ಲಿ ಎಂಡೋಸಲ್ಫಾನ್ ಇತ್ತು. ಮಾಸನ್ನು ಅದು ಮುಟ್ಟುತ್ತದೆಯೇ ಎಂಬ ಪ್ರಶ್ನೆಗೆ ಅಲ್ಲಿಂದ ಉತ್ತರ ಸಿಕ್ಕಿದೆ. ಪಡ್ರೆಯ, ಸ್ವರ್ಗದ, ಬೆಳ್ಳೂರಿನ ಮಾಸುಗಳಲ್ಲಿ ಎಷ್ಟಿತ್ತು ಎಂಬ ಪ್ರಶ್ನೆಗೆ ಸಿಕ್ಕಿಲ್ಲ, ಸಿಗುವುದೂ ಇಲ್ಲ.

ಒಂದೇ ಅಂಗಳದಲ್ಲಿ ಅಣ್ಣ ಗಟ್ಟಿಮುಟ್ಟಾಗಿಯೂ ತಂಗಿ ಹಾಸಿಗೆಯಿಂದ ಏಳಲಾರದವಳಾಗಿಯೂ ಬೆಳೆದ ಮನೆಗಳನ್ನು ನಾನು ಕಂಡಿದ್ದೇನೆ. ‘ವಿಷವಾದರೆ ಇಬ್ಬರಿಗೂ ತಾಗಬೇಕಿತ್ತಲ್ಲ’ ಎಂಬ ಮಾತು ಆ ತಾಯಂದಿರನ್ನು ಬಹಳ ನೋಯಿಸಿದೆ. ಇಲಿಯ ಪ್ರಯೋಗ ಬೇರೊಂದು ವಿಷದ್ದು. ಅದರಿಂದ ನಮ್ಮ ಊರಿನ ಬಗ್ಗೆ ಏನೂ ಸಾಧಿತವಾಗುವುದಿಲ್ಲ. ಆದರೆ ‘ಇಬ್ಬರಿಗೂ ತಾಗಬೇಕಿತ್ತು’ ಎಂಬ ಮಾತಿನಲ್ಲಿ ವಿಜ್ಞಾನವಿಲ್ಲ ಎಂಬುದಂತೂ ಅದರಿಂದ ಸಾಧಿತವಾಗುತ್ತದೆ. ಬಸಿರಿನ ಯಾವ ವಾರದಲ್ಲಿ ಸಿಂಪಡಣೆಯಾಯಿತು, ಆಗ ಯಾವ ಜೀನು ರಂಗದ ಮೇಲಿತ್ತು, ಆ ಮಗುವಿನ ಕಾವಲುಗಾರ ಎಂಥವನು ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ. ಅದನ್ನು ನಾನು ಆ ತಾಯಂದಿರಿಗೆ ಹೇಳಬೇಕಾಗಿದ್ದ ಕಾಲದಲ್ಲಿ ನನಗೇ ತಿಳಿದಿರಲಿಲ್ಲ.

ಸೇವೆಯ ಕೊನೆಯ ವರ್ಷಗಳಲ್ಲಿ ನಾನು ಚಿತ್ರವನ್ನು ಬದಲಿಸಿದೆ. ದಪ್ಪ ಗೆರೆಯ ಬದಲು ಚುಕ್ಕಿಗಳ ಸಾಲು ಬರೆದು, ಎರಡು ದಿಕ್ಕಿಗೂ ಬಾಣ ಹಾಕುತ್ತಿದ್ದೆ. ಮಕ್ಕಳು ಬಾಣಗಳನ್ನು ಎಣಿಸಿ ಪುಸ್ತಕದಲ್ಲಿ ಅಷ್ಟಿಲ್ಲವಲ್ಲ ಎಂದು ಆಕ್ಷೇಪಿಸುತ್ತಿದ್ದರು.

ಈಗ ಹೆರಿಗೆಗಳೆಲ್ಲ ಆಸ್ಪತ್ರೆಯಲ್ಲಿ. ಮಾಸಿನ ತೂಕ ಸುಮಾರು ಅರ್ಧ ಕಿಲೊ. ವೈದ್ಯರು ಅದು ಪೂರ್ತಿ ಬಂದಿದೆಯೇ ಎಂದು ತಿರುಗಿಸಿ ನೋಡುತ್ತಾರೆ. ಬಳಿಕ ನಿಯಮದ ಪ್ರಕಾರ ಅದು ಹಳದಿ ಚೀಲಕ್ಕೆ ಸೇರಿ ದಹನಕ್ಕೆ ಹೋಗುತ್ತದೆ. ಹಿತ್ತಿಲಿನ ಹೊಂಡಗಳ ಮೇಲಿನ ಕಲ್ಲುಗಳು ಹಳೆಯ ಮನೆಗಳಲ್ಲಿ ಇನ್ನೂ ಕಾಣಸಿಗುತ್ತವೆ. ಹೆಚ್ಚಿನವುಗಳ ಮೇಲೆ ಪಾಚಿ ಬೆಳೆದಿದೆ.